ಮೋಡದ ಬೇರು ಹುಡುಕುವ ಬಿಬಿಜಾನ

ಹೊತ್ತು ಇನ್ನೂ ಏರಿಲ್ಲ. ಚಚಡಿ ಸಮೀಪದ ಒಣಕೆರೆಯಲ್ಲಿ ಹೂಳೆತ್ತಲು ಬಂದವರು ಏರಿಯ ಮೇಲಿನ ಬೇವಿನಮರಕ್ಕೆ ಬುತ್ತಿಗಂಟು ತೂಗುಹಾಕುತ್ತಿದ್ದಾರೆ. ಅವರ ಮೇಸ್ತ್ರಿ ಬಿಬಿಜಾನ ಮಾತ್ರ ಫೋನಿನಿಂದ ಕಣ್ಣೆತ್ತಿಲ್ಲ. ಹವಾಮಾನದ ಸಂದೇಶ ಬಂದಿದೆ, ಇಂಗ್ಲಿಷಿನಲ್ಲಿ: ಥಂಡರ್‌ಸ್ಟಾರ್ಮ್, ಸ್ಕ್ವಾಲ್.

“ಅಕ್ಕಾ, ಇವತ್ತ ಯಾವ ಸಾಹೇಬನ ಗಾಳಿ?” ಗುದ್ದಲಿ ಹೆಗಲಿಗೇರಿಸಿ ಲಗಮಣ್ಣ ಕೆಣಕುತ್ತಾನೆ.

“ಚೀರ್ಕೋತ ಬರೂ ಗಾಳಿ ಐತಂತ. ನಗಬ್ಯಾಡೋ. ಕೂಗಿದ ಕೂಡ್ಲೇ ಎಲ್ಲಾರೂ ಸಾಲಿ ಕಟ್ಟಡಕ್ಕ ಓಡೂದು. ಮರದ ಬುಡಕ್ಕ ಯಾರೂ ನಿಲ್ಲಂಗಿಲ್ಲ.”

ಹೋದ ಬೇಸಿಗೆಯಲ್ಲಿ ಇಂಥದೇ ಸಂದೇಶವನ್ನು ಬಿಬಿಜಾನ ಇದ್ದಹಾಗೆಯೇ ಓದಿ ಹೇಳಿದ್ದರು. ಅರ್ಥವಾಗದಿದ್ದರೂ ಎಲ್ಲರೂ ಹೂಂ ಅಂದರು. ಹನಿ ಬಿದ್ದದ್ದೇ ತಡ, ಬುತ್ತಿ ನೆನೆದೀತೆಂದು ಮರದಡಿಗೇ ಓಡಿದರು. ಸಿಡಿಲಿಗೆ ಸೀಳಿದ ಕೊಂಬೆ ಬಿದ್ದು ಗುಂಪಿನ ಕೃಷ್ಣವ್ವನ ಭುಜ ಮುರಿಯಿತು.

ಆಮೇಲೆ ಬೈಲಹೊಂಗಲದ ರದ್ದಿ ಅಂಗಡಿಯಿಂದ ದಪ್ಪ ನಿಘಂಟೊಂದು ಮನೆಗೆ ಬಂತು. “ಬೇರು ಗೊತ್ತಾದ್ರ ಮಾತು ಕಣ್ಣಿಗಿ ಕಾಣತೈತ್ರಿ,” ಎನ್ನುತ್ತಾರೆ ಬಿಬಿಜಾನ. ಸ್ಕ್ವಾಲ್ ಎಂಬುದಕ್ಕೂ ಚೀರಾಟದ ಮಾತಿಗೂ ನಂಟಿರಬಹುದಂತೆ. ಕ್ಲೌಡ್ ಅಂದರೆ ಮೊದಲು ಕಲ್ಲಿನ ಗುಡ್ಡ. ಥಂಡರಿಗೂ ಇಂಗ್ಲಿಷರ ಹಳೆಯ ಸಿಡಿಲದೇವರ ಹೆಸರಿಗೂ ಒಂದೇ ಬೇರು. “ಮಾನ್ಸೂನ್ ನಮ್ಮ ಉರ್ದುವಿನ ಮೌಸಮ್ಮೇ ರೀ! ಅರಬ್ಬಿ ಮಾತು, ಹಡಗಿನವರು ಹೊತ್ಕೊಂಡ ಹೋಗ್ಯಾರ. ಮನೀದ ಮಾತಿಗಿ ಇಷ್ಟ ದಿನಾ ಅಂಜಿದ್ನಿ.”

ಮಧ್ಯಾಹ್ನ ರಾಮದುರ್ಗದ ಕಡೆಯಿಂದ ಕಪ್ಪು ಮೇಲೇಳುತ್ತದೆ. ತೋಡಿದ ಮಣ್ಣಿನ ಅಳತೆ ಇನ್ನೂ ಆಗಿಲ್ಲ. ಈಗ ಎದ್ದರೆ ಕೂಲಿ ಅರ್ಧವೇ ಲೆಕ್ಕ. ಬಿಬಿಜಾನ ಒಂದು ಗಳಿಗೆ ತುಟಿ ಕಚ್ಚುತ್ತಾರೆ.

“ಕಲ್ಲಿನ ಗುಡ್ಡ ಮ್ಯಾಲೆ ಬರಾಕತ್ತೈತಿ! ಬುಟ್ಟಿ ಒಗದು ಓಡ್ರಿ!”

ಕೃಷ್ಣವ್ವ ಮರದತ್ತ ತಿರುಗುತ್ತಾಳೆ. “ನನ್ನ ರೊಟ್ಟಿ, ತಡೀ ಬೇ...”

“ರೊಟ್ಟಿ ಹಾಳಾಗ್ಲಿ, ನೀ ಬಾ!” ಬಿಬಿಜಾನ ಸೆರಗು ಹಿಡಿದು ಎಳೆದೇ ಬಿಡುತ್ತಾರೆ.

ಶಾಲೆಯ ಪಡಸಾಲೆಯಲ್ಲಿ ಎಲ್ಲರೂ ಗೋಡೆಗೊತ್ತಿ ನಿಲ್ಲುತ್ತಾರೆ. ಧೂಳೆದ್ದು, ಒಮ್ಮೆ ಗುಡುಗಿ, ಮೋಡ ಕಿತ್ತೂರಿನತ್ತ ಸರಿದುಹೋಗುತ್ತದೆ. ಒಂದು ಹನಿಯೂ ಇಲ್ಲ.

“ಚೀರಿ ಚೀರಿ ಗಂಟಲಾ ಬಿತ್ತೇನ ಅಕ್ಕಾ ಸಾಹೇಬಂದು?” ಲಗಮಣ್ಣನ ಮಾತಿಗೆ ಪಡಸಾಲೆಯೇ ನಗುತ್ತದೆ. ಹಸಿದ ಕೃಷ್ಣವ್ವ ಮಾತ್ರ ಮುಖ ತಿರುವುತ್ತಾಳೆ.

ಬಿಬಿಜಾನ ಸೆರಗಿನಿಂದ ಮುಖದ ಧೂಳು ಒರೆಸಿಕೊಳ್ಳುತ್ತಾರೆ. “ನಾಳೆ ಕರದ್ರ ಬರತಾರೋ ಇಲ್ಲೋ, ಅದೊಂದ ಚಿಂತಿ ನನಗ,” ಎಂದು ಮೆಲ್ಲಗೆ ಹೇಳುತ್ತಾರೆ. ಒಬ್ಬೊಬ್ಬರ ಮುಖದ ಮೇಲೂ ಕಣ್ಣಾಡಿಸುತ್ತಾರೆ.

“ನಗ್ಲಿ ಬಿಡ್ರಿ. ನಗಾಕಾದ್ರೂ ಎಲ್ಲಾರೂ ಅದಾರಲ್ಲ.”