ಸುಣ್ಣದೊಳಗಿನ ಕಂಬ

ರಾಯಚೂರು ಬಜಾರಿನ ಹಳೆಯ ಹತ್ತಿ ಅಂಗಡಿಯನ್ನು ಕೆಡವುವ ಮುನ್ನ ನೋಡಿಬರೋಣವೆಂದು ಹೋಗಿದ್ದೆ. ವಿಕ್ಟೋರಿಯಾ ಕಾಲದ ಕಮಾನುಗಳ ಕಟ್ಟಡ. ಪಾರಂಪರಿಕ ಪಟ್ಟಿಯಲ್ಲಿದ್ದರೂ ಕಂಬಗಳು ಬಿರುಕು ಬಿಟ್ಟಿವೆ, ಕೆಡವಲೇಬೇಕೆಂದು ಎಂಜಿನಿಯರು ಬರೆದುಕೊಟ್ಟಿದ್ದರು. ಬಿರುಕು ಎಷ್ಟು ಆಳವಿದೆಯೆಂದು ನೋಡಲು ಮಾನ್ವಿಯ ಗೌಂಡಿ ಹುಸೇನಪ್ಪ ಸುತ್ತಿಗೆಯಿಂದ ತಟ್ಟಿದ. ಹೆಬ್ಬೆರಳು ದಪ್ಪದ ಸುಣ್ಣ ಉದುರಿ, ಒಳಗೆ ಠಣ್ಣೆಂದಿತು.

“ಸಾಹುಕಾರ್ರ, ಇದು ಕಲ್ಲಲ್ರೀ, ಎರಕದ ಕಬ್ಬಿಣ! ಬಿರುಕು ಬಿಟ್ಟಿದ್ದು ಬರೇ ಸುಣ್ಣ.”

ಮಾಲೀಕರು ತಲೆ ಕೆರೆದುಕೊಂಡರು. “ಅಜ್ಜನ ಕಾಲದಿಂದ ದೀಪಾವಳಿಗೊಮ್ಮಿ ಬಳಕೋತ ಬಂದೀವಿ. ಕೆರದು ನೋಡಬೇಕಂತ ಯಾರಿಗೂ ಹೊಳೀಲಿಲ್ಲ ನೋಡ್ರಿ.”

ಹುಸೇನಪ್ಪ ಒಂದೊಂದೇ ಕಂಬ ಬಾರಿಸುತ್ತ ಜಗಲಿಯ ಆ ತುದಿಗೆ ನಡೆದ. ಹನ್ನೆರಡೂ ಠಣ್ಣೆಂದವು. ಎದುರಂಗಡಿಯವರೆಲ್ಲ ಬೀದಿಗಿಳಿದರು. ಮಾಲೀಕರು ಎಂಜಿನಿಯರಿಗೆ ಫೋನು ಹಚ್ಚಿದರು. ಅವರು ಎತ್ತಿದೊಡನೆ ಫೋನನ್ನು ಕಂಬಕ್ಕೆ ಹಿಡಿದು ಕೂಗಿದರು: “ಹುಸೇನಪ್ಪಾ, ಹೊಡಿ ಇನ್ನೊಮ್ಮಿ!”