ಮುನಿಲಕ್ಷ್ಮತ್ತೆಗೆ ಸಿಗದ ಗಣಿತ

ನಮ್ಮ ತಾತ ಅಪ್ಪಯ್ಯಣ್ಣ ದೊಡ್ಡವರ ಮಾತಿಗೆ ಎದುರಾಡುವವರಲ್ಲ. ತಾಲ್ಲೂಕಿನ ಅಮಲ್ದಾರರು ನಮ್ಮೂರು ನಂದಗುಡಿಗೆ ಬಂದು ಹೊಸ ತಳಿಯ ರಾಗಿ ಬಿತ್ತಿ ಅಂದರೆ "ಹಂಗೇ ಆಗ್ಲಿ ಸ್ವಾಮಿ" ಅಂತ ಕೈ ಮುಗಿಯುವರು. ಅವರು ಅತ್ತ ಹೋದದ್ದೇ ತಡ, ಇತ್ತ ತಮ್ಮ ಹಳೇ ರಾಗಿಯನ್ನೇ ಬಿತ್ತುವರು. ಎದುರಾಡಬಾರದು, ಅಷ್ಟೇ. ಹೇಳಿದಂತೆ ನಡೆಯಬೇಕು ಅಂತೇನೂ ಇರಲಿಲ್ಲ. ಊರಿನಲ್ಲಿ ಎಲ್ಲರದೂ ಇದೇ ರೀತಿ, ಅಮಲ್ದಾರರಿಗೂ ಬಹುಶಃ ಗೊತ್ತಿತ್ತು. ಈ ಹಾಳು ಮರ್ಯಾದೆ ನಮ್ಮ ಸೋದರತ್ತೆಯ ಓದನ್ನು ನುಂಗಿತು. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅತ್ತೆಯ ಹೆಸರು ಮುನಿಲಕ್ಷ್ಮಮ್ಮ. ಎರಡನೇ ಮಹಾಯುದ್ಧ ಮುಗಿದ ಮಾರನೆಯ ವರ್ಷ, ಬೆಂಗಳೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಟರ್‌ಮೀಡಿಯಟ್ ಓದುತ್ತಿದ್ದರು. ಗಣಿತ ಅಂದರೆ ಪ್ರಾಣ. ಲೆಕ್ಕ ಬಿಡಿಸುವಾಗ ಯಾರಾದರೂ ಊಟಕ್ಕೆ ಕರೆದರೆ ಸಿಡುಕುತ್ತಿದ್ದರಂತೆ. ಅದೇ ಕಾಲೇಜಿನಲ್ಲಿ ಗಣಿತ ತೆಗೆದುಕೊಂಡು ಬಿ.ಎಸ್ಸಿ. ಮಾಡಬೇಕು, ಆಮೇಲೆ ತಾವೂ ಕಾಲೇಜಿನಲ್ಲಿ ಪಾಠ ಹೇಳಬೇಕು ಅನ್ನುವುದು ಅವರ ಆಸೆ.

ಅಷ್ಟರಲ್ಲಿ ಕಾಲೇಜಿನವರು ಪಠ್ಯಕ್ರಮ ಸುಧಾರಿಸಲು ಒಂದು ಸಮಿತಿ ಕೂರಿಸಿದರು. ಗಣಿತಕ್ಕೆ ಸೇರುವ ಹುಡುಗಿಯರು ಕಡಿಮೆ, ಮುಂದಿನ ವರ್ಷದಿಂದ ಬಿ.ಎಸ್ಸಿ.ಯಲ್ಲಿ ಅದನ್ನು ತೆಗೆದು ಗೃಹವಿಜ್ಞಾನ ಇಡೋಣ ಅಂತ ಮಾತಾಯಿತು. ಅಂದರೆ ಅಡುಗೆ, ಹೊಲಿಗೆ, ಕೂಸಿನ ಆರೈಕೆ. ಹಳ್ಳಿಯ ತಂದೆತಾಯಿಗಳ ಅಭಿಪ್ರಾಯವನ್ನೂ ಕೇಳಬೇಕಲ್ಲ, ತಾತನಿಗೆ ಬರಹೇಳಿದರು.

ಅತ್ತೆ ತಾವೇ ಊರಿಗೆ ಬಂದು ತಾತನನ್ನು ಹೊರಡಿಸಿದರು. ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು ತೆವಳುತ್ತಾ ಹೊಸಕೋಟೆ ದಾಟುವಷ್ಟರಲ್ಲಿ ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಸಿದ್ದರು.

"ಇನ್ನೊಂದ್ಸಲ ಹೇಳಪ್ಪಾ."

"ನನ್ ಮಗ್ಳಿಗೆ ಗಣಿತಾನೇ ಬೇಕು, ಅಡುಗೆ ಅವ್ರಮ್ಮ ಕಲಿಸ್ತಾಳೆ ಅಂತೀನಿ. ಎಷ್ಟು ಸಲ ಹೇಳಿಸ್ತೀಯೇ?"

ಸಮಿತಿಯಲ್ಲಿ ಮೂವರು, ಎಲ್ಲರೂ ಕೋಟು ಪೇಟದವರು. ತಾತ ಒಳಗೆ ಹೋದಾಗ ಎದ್ದು ನಿಂತು ನಮಸ್ಕಾರ ಮಾಡಿದರು, ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಕೆಲಸ ಕೆಟ್ಟದ್ದೇ ಅಲ್ಲಿ.

"ಹೆಣ್ಣುಮಕ್ಕಳಿಗೆ ಮನೆ ನಡೆಸೋ ವಿದ್ಯೆ ಕಲಿಸೋಣ ಅಂತಿದ್ದೀವಿ. ತಾವೇನಂತೀರಿ ಯಜಮಾನರೇ?" ಅಂತ ಅವರಲ್ಲಿ ಹಿರಿಯರು ಕೇಳಿದರು. ಅತ್ತೆ ಬಾಗಿಲಾಚೆ ಕಿವಿಗೊಟ್ಟು ನಿಂತಿದ್ದರು.

"ತಾವು ತಿಳಿದೋರು ಸ್ವಾಮಿ. ಹಂಗೇ ಆಗ್ಲಿ," ಅಂದರು ತಾತ.

ಅತ್ತೆ ತಡೆಯಲಾರದೆ ಒಳಗೆ ನುಗ್ಗಿ, "ನನಗೆ ಗಣಿತ ಬೇಕು ಸಾರ್" ಅಂದರು. ಹಿರಿಯರು ನಕ್ಕು, "ನಿಮ್ಮ ತಂದೆಯವರೇ ಒಪ್ಪಿದ್ದಾರಲ್ಲಮ್ಮ" ಅಂದರು. ಮುಗಿಯಿತು. ಓದುವವಳ ಅಭಿಪ್ರಾಯ ಆ ಸಮಿತಿಗೆ ಬೇಕಾಗಿರಲಿಲ್ಲ.

"ಏನ್ ಮಾಡ್ಬಿಟ್ಟೆ ಅಪ್ಪಾ!" ಹೊರಗೆ ಬಂದ ಮೇಲೆ ಅತ್ತೆ ಅತ್ತೇಬಿಟ್ಟರು.

"ಕಾಫಿ ಕೊಟ್ಟು ಕೂರಿಸ್ದೋರ ಮುಂದೆ ಆಗಲ್ಲ ಅನ್ನಕಾಯ್ತದಾ? ಬಾಯ್ಮಾತಿಗೆ ಅಂದೆ ಕಣಮ್ಮ. ಅದನ್ನೇ ಹಿಡ್ಕಂತಾರಾ ಅವ್ರು?"

ಹಿಡಿದುಕೊಂಡರು. ಹಳ್ಳಿಯ ಪೋಷಕರ ಸಂಪೂರ್ಣ ಒಪ್ಪಿಗೆ ಇದೆ ಅಂತ ಶಿಫಾರಸು ಮಾಡಿದರು. ಅತ್ತೆ ಇಂಟರ್‌ಮೀಡಿಯಟ್ ಪಾಸಾಗುವ ಹೊತ್ತಿಗೆ ಬಿ.ಎಸ್ಸಿ.ಯಲ್ಲಿ ಗಣಿತವೇ ಇರಲಿಲ್ಲ. ಅದರ ಪಾಠ ನಡೆಯುತ್ತಿದ್ದ ಕೊಠಡಿಯಲ್ಲಿ ಸೀಮೆಎಣ್ಣೆ ಸ್ಟೌ ಸಾಲಾಗಿ ಕೂತಿದ್ದವು. ವಿಷಯ ತಿಳಿದ ತಾತ ಕೆಂಡಾಮಂಡಲವಾದರು. "ಬೇಯ್ಸೋದ್ ಕಲಿಯಕ್ಕೆ ಬೆಂಗ್ಳೂರಿಗ್ಯಾಕೆ? ಮನೇಲೇ ಒಲೆ ಐತೆ" ಅಂತ ಅತ್ತೆಯ ಟ್ರಂಕನ್ನು ಹಾಸ್ಟೆಲಿನಿಂದ ಊರಿಗೆ ಹೊರಿಸಿಕೊಂಡು ಬಂದರು. ಆ ಮಾತು ನಿಜವೇ. ಆದರೆ ಆಡಬೇಕಾದ ಕಡೆ ಆಡದೆ ಜಗಲಿಯ ಮೇಲೆ ಕೂತು ಆಡಿದರೆ ಏನು ಬಂತು?

ಗಂಡುಹುಡುಗರ ಕಾಲೇಜಿನಲ್ಲಿ ಗಣಿತ ಇನ್ನೂ ಇತ್ತು. ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಿದ್ದರು, ತಂದೆ ಒಪ್ಪಿದರೆ ಸಾಕಿತ್ತು. ಅತ್ತೆ ತಾತನ ಕಾಲು ಹಿಡಿದು ಕೇಳಿಕೊಂಡರು.

"ಆಗಲ್ಲ," ಅಂದರು ತಾತ. ಒಂದು ಗಳಿಗೆಯೂ ಯೋಚಿಸಲಿಲ್ಲ.

ಅತ್ತೆ ಎದ್ದು ನಿಂತರು. "ಅವ್ರ ಮುಂದೆ ಈ ಮಾತು ನಿನ್ನ ಬಾಯಿಗೆ ಬರ್ಲಿಲ್ವಲ್ಲಪ್ಪಾ. ನನಗಾದ್ರೆ ಎಷ್ಟು ಸಲೀಸಾಗಿ ಅಂದ್ಬಿಟ್ಟೆ!"

ತಾತ ತಲೆ ತಗ್ಗಿಸಿದರು. ಮಾತು ಮಾತ್ರ ಬದಲಾಯಿಸಲಿಲ್ಲ.