ಕೆಂಪು ದೀಪದ ಬಿಟ್

ನದಿ ಉಕ್ಕಿದ ವರ್ಷ ಡೆಲ್ಮಾ ಕ್ವಿರ್ಕ್ ದೋಣಿ ಬರುವತನಕ ತನ್ನ ಮನೆಯ ತಗಡಿನ ಮಾಡಿನ ಮೇಲೆ ಕೂತಿದ್ದಳು. ಹೊಳೆಯ ಮೇಲ್ಭಾಗದಲ್ಲಿ ನೀರಿನ ಮಟ್ಟ ಅಳೆಯುವ ಪೆಟ್ಟಿಗೆ ಕೆಟ್ಟು ನಿಂತಿದ್ದರೂ ಎಲ್ಲ ಸರಿಯಿದೆ ಎಂದೇ ಸುದ್ದಿ ಕಳಿಸುತ್ತಿತ್ತಂತೆ. ಅದನ್ನು ಕೇಳಿದ ಮೇಲೆ, ಐವತ್ತು ದಾಟಿದ್ದ ಡೆಲ್ಮಾ ಹಟ ಹಿಡಿದು ಅಂಥ ಪೆಟ್ಟಿಗೆ ಮಾಡುವ ಪುಟ್ಟ ಕಂಪನಿಗೇ ಪ್ರೋಗ್ರಾಂ ಬರೆಯಲು ಸೇರಿಕೊಂಡಳು.

ಪೆಟ್ಟಿಗೆಯ ಚಿಪ್‌ನಲ್ಲಿ ಜಾಗ ತೀರ ಕಡಿಮೆ. ಆಕೆ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಎಲ್ಲ ಸಂಗತಿಗಳನ್ನೂ ಒಂದೇ ಬೈಟ್‌ಗೆ ತುರುಕಿದಳು. ಅದರ ಎಂಟು ಬಿಟ್‌ಗಳಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸ: ನೀರು ಏರಿದೆಯೇ, ಬ್ಯಾಟರಿ ಇಳಿದಿದೆಯೇ, ಹೀಗೆ. ಹೌದಾದರೆ ಒಂದು, ಇಲ್ಲವಾದರೆ ಸೊನ್ನೆ. ನೀರಿನ ಮಟ್ಟದೊಂದಿಗೆ ಏರಿಳಿಯುವ ತೇಲುಬುರುಡೆ ಕೆಸರಿನಲ್ಲಿ ಸಿಕ್ಕಿಕೊಂಡರೆ ಅದರ ಬಿಟ್ ಒಂದಾಗಿ, ಹಸಿರು ದೀಪದ ಬದಲು ಕೆಂಪು ದೀಪ ಹೊತ್ತುತ್ತಿತ್ತು. ಬುರುಡೆಯೋ, ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು.

ಊರಿನ ಕೌನ್ಸಿಲ್ ಮುಂದೆ ಪೆಟ್ಟಿಗೆ ತೋರಿಸುವ ದಿನ ಹತ್ತಿರವಾದಾಗ ಮಾಲೀಕ ಗ್ರಾಂಟ್ ಪೆಲ್ಹಮ್ ಆಕೆಯ ಮೇಜಿನ ಬಳಿ ಬಂದ.

"ಡೆಲ್, ಪೆಟ್ಟಿಗೆ ಸುದ್ದಿ ಕಳಿಸೋ ಮುಂಚೆ ಆ ಕೆಂಪು ದೀಪದ ಬಿಟ್ ಅಳಿಸಿಬಿಡು. ಒಂದು ಸಾಲು ಸಾಕಲ್ವಾ?"

"ಒಂದೇ ಸಾಲು ಸಾಕು. ನಾನು ಬರೆಯಲ್ಲ."

"ಒಂದು ಬಿಟ್‌ಗೆ ಇಷ್ಟು ರಂಪಾನಾ?"

"ಅದನ್ನ ಸೊನ್ನೆ ಮಾಡಿದ್ರೆ ಕೆಟ್ಟ ಪೆಟ್ಟಿಗೇನೂ ಒಳ್ಳೇದರ ಥರಾನೇ ಕಾಣುತ್ತೆ. ಮಾಡಿನ ಮೇಲೆ ಕೂತಿದ್ದು ನಾನು ಗ್ರಾಂಟ್, ನೀನಲ್ಲ."

"ಹಾಗಾದ್ರೆ ನಿನ್ನ ಚೀಲ ತಗೊಂಡು ಹೊರಡು."

ಡೆಲ್ಮಾ ಚೀಲದ ಜತೆ ಕಿಟಕಿಯಲ್ಲಿದ್ದ ತನ್ನ ಜೆರೇನಿಯಂ ಹೂವಿನ ಕುಂಡವನ್ನೂ ಎತ್ತಿಕೊಂಡು ಹೊರಟಳು. ಆ ಸಾಲನ್ನು ಗ್ರಾಂಟ್ ತಾನೇ ಬರೆದ.

ಸಭೆಯ ದಿನ ಆಕೆ ಊರಿನವಳಾಗಿ ಹಿಂದಿನ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಪ್ರವಾಹ ಪರಿಹಾರ ತಂಡದ ವೆಸ್ನಾ, ಕಾಲ ಬಳಿ ಹೊಳೆಯ ಕೆಸರು ತುಂಬಿದ ಬಕೆಟ್. ಗ್ರಾಂಟ್ ಹಸಿರು ದೀಪ ತೋರಿಸಿ ಮಾತು ಮುಗಿಸುತ್ತಿದ್ದಂತೆ ಡೆಲ್ಮಾ ಎದ್ದಳು.

"ಈ ಕೆಸರನ್ನ ಬುರುಡೆ ಸುತ್ತ ತುಂಬಿ ನೋಡೋಣ."

"ಇವಳನ್ನ ಕೆಲಸದಿಂದ ತೆಗೆದಿದ್ದೀವಿ," ಎಂದ ಗ್ರಾಂಟ್.

"ತೆಗೆದ್ರೇನಂತೆ, ಇವಳ ಮನೆ ಇರೋದು ಹೊಳೆ ದಂಡೇಲೇ," ಎನ್ನುತ್ತ ವೆಸ್ನಾ ಮುಂದೆ ಹೋಗಿ ಬುರುಡೆಯ ಸುತ್ತ ಬಕೆಟ್ ಸುರಿದೇಬಿಟ್ಟಳು. ಬುರುಡೆ ಅಲ್ಲಾಡಲಾರದಂತೆ ಹೂತುಹೋಯಿತು. ದೀಪ ಮಾತ್ರ ಹಸಿರಾಗಿಯೇ ಉರಿಯುತ್ತಿತ್ತು. ಕೌನ್ಸಿಲ್ ಪೆಟ್ಟಿಗೆಗಳನ್ನು ವಾಪಸ್ ಕಳಿಸಿತು.

ಸುತ್ತಮುತ್ತಲಿನ ಬೇರೆ ಕಂಪನಿಗಳೂ ಡೆಲ್ಮಾಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಆಕೆ ತನ್ನ ಮನೆಯ ಶೆಡ್ಡಿನಲ್ಲೇ ಕೂತು ರೈತರ ನೀರಾವರಿ ಪಂಪುಗಳ ಚಿಪ್‌ಗಳಿಗೆ ಪ್ರೋಗ್ರಾಂ ಬರೆದುಕೊಡತೊಡಗಿದಳು. ಮುಂದೊಂದು ದಿನ ಗ್ರಾಂಟ್ ಫೋನ್ ಮಾಡಿದ.

"ಕೆಂಪು ದೀಪ ಮತ್ತೆ ಹಾಕ್ತೀವಿ ಡೆಲ್. ವಾಪಸ್ ಬಾ."

"ದೀಪ ಹಾಕು, ಒಳ್ಳೇದು," ಎಂದಳು ಡೆಲ್ಮಾ. "ನಾನಂತೂ ಬರಲ್ಲ."